ಎರಡು ನ್ಯಾನೋ ಸೆಕೆಂಡ್ ಮುಂದೆ

ಫೆಬ್ರವರಿ 9

ಪ್ರೀತಿಯ ಚಿನಕುರಳಿಗೆ,

ನಾನು ಕಾಗದ, ಪೆನ್ನು ಹಿಡಿದು ಕೂತದ್ದನ್ನು ನೋಡಿ ನಿನ್ನ ಭಾವ ನಗುತ್ತಿದ್ದಾರೆ. ನಗಲಿ. ಮನೆಗೆ ಫೋನ್ ಮಾಡಿದಾಗಲೆಲ್ಲ ಎತ್ತುವುದು ಅತ್ತೆ. ತಮ್ಮ ಮಂಡಿನೋವಿನಿಂದ ಶುರುಮಾಡಿ ಪಕ್ಕದ ಮನೆಯವರ ಮಂಡಿನೋವಿನಲ್ಲಿ ಮುಗಿಸುವಷ್ಟರಲ್ಲಿ ನನ್ನ ಬಿಡುವು ಮುಗಿದಿರುತ್ತದೆ. ನಿನಗೆ ಮೆಸೇಜ್ ಕಳಿಸಿದರೆ ಒಂದು ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾಗುತ್ತೀಯ. ಓರಗಿತ್ತಿಯರು ಮನಸ್ಸು ಬಿಚ್ಚಿ ಮಾತಾಡಬೇಕೆಂದರೆ ಇನ್ನು ಅಂಚೆಯವನೇ ಗತಿ.

ಇಲ್ಲಿ ಕಾಲೇಜಿನಲ್ಲಿ ಮಕ್ಕಳಿಗೆ ಲೋಲಕ ತೂಗಿಸುತ್ತಿದ್ದೇನೆ. ಮೂವತ್ತು ಮಕ್ಕಳು, ಮೂವತ್ತು ದಾರ, ಮೂವತ್ತು ಗುಂಡು. ಯಾವ ದಾರ ಯಾವುದಕ್ಕೆ ಸುತ್ತಿಕೊಂಡಿದೆ ಎಂದು ಬಿಡಿಸುವುದರಲ್ಲೇ ಅರ್ಧ ತರಗತಿ ಕಳೆಯುತ್ತದೆ. ಆರು ವರ್ಷ ಲ್ಯಾಬಿನಲ್ಲಿ ಕ್ವಾಂಟಮ್ ಕಂಪ್ಯೂಟರಿನ ಕ್ಯೂಬಿಟ್‌ಗಳನ್ನು ಎಬ್ಬಿಸಿ ಮಲಗಿಸಿದ ಕೈ ಇದು. ಯಾರಿಗೆ ಹೇಳಲಿ? ಸ್ಟಾಫ್ ರೂಮಿನಲ್ಲಿ ಹೇಳಿದೆ. 'ಓ, ಕಂಪ್ಯೂಟರ್ ರಿಪೇರಿ ಬರುತ್ತಾ ನಿಮಗೆ?' ಎಂದು ಒಬ್ಬರು ತಮ್ಮ ಪ್ರಿಂಟರ್ ತಂದಿಟ್ಟರು.

ಚಿಪ್ ಹೇಗಿದೆ? ಅದರ ಏಳು ಕ್ಯೂಬಿಟ್‌ಗಳೂ ಆರೋಗ್ಯವಾಗಿವೆಯೇ? ಹೆಚ್ಚಾಗಿ ಕೇಳುತ್ತಿರುವುದು ಐದನೆಯದನ್ನು. ಅದಕ್ಕೆ ಹಠಮಾರಿ ಎಂದು ಹೆಸರಿಟ್ಟವಳೇ ನಾನು. ನಿನ್ನ ಭಾವನ ಜೊತೆ ಇಲ್ಲಿಗೆ ಬರಲು ಲ್ಯಾಬಿನಿಂದ ತೆಗೆದ ನನ್ನ ಒಂದು ವರ್ಷದ ರಜೆ ಜುಲೈಗೆ ಮುಗಿಯುತ್ತದೆ. ವಾಪಸ್ ಬರುತ್ತೇನೋ ಇಲ್ಲವೋ ಎಂದು ಜೂನ್ ಹತ್ತರೊಳಗೆ ಪ್ರೊಫೆಸರಿಗೆ ತಿಳಿಸಬೇಕು. ಅಲ್ಲಿಯವರೆಗೆ ನನ್ನ ಕುರ್ಚಿ ಬೆಚ್ಚಗಿಟ್ಟುಕೊಂಡಿರು.

ನಿನ್ನ ಅಕ್ಕ

ಫೆಬ್ರವರಿ 20

ಅಕ್ಕನಿಗೆ ನಮಸ್ಕಾರ.

ಪತ್ರ ಬಂದಿದ್ದನ್ನು ನೋಡಿ ಅತ್ತೆ ಗಾಬರಿಯಾದರು. 'ಯಾರಿಗೆ ಏನಾಯ್ತೇ?' ಎಂದು ಮೂರು ಸಲ ಕೇಳಿದರು. ಏನೂ ಆಗಿಲ್ಲ, ಅಕ್ಕನಿಗೆ ಹೊತ್ತು ಹೋಗುತ್ತಿಲ್ಲ ಎಂದೆ.

ಅವರಿಗೆ ನನ್ನ ಕೆಲಸ ಏನೆಂದು ತಿಳಿದುಕೊಳ್ಳುವ ಹುಚ್ಚು ಹಿಡಿದಿದೆ. 'ದೊಡ್ಡವಳು ಆರು ವರ್ಷ ಮಾಡಿದಳು, ಒಂದಿನ ಬಾಯಿ ಬಿಡಲಿಲ್ಲ. ನೀನಾದರೂ ಹೇಳು' ಎಂದರು. 'ಅತ್ತೆ, ಮಲಗಿರೋದನ್ನ ಎಬ್ಬಿಸೋದು. ಮೈಕ್ರೋವೇವಲ್ಲಿ ಒಂದು ತಟ್ಟು ತಟ್ಟಿದರೆ ಪೂರ್ತಿ ಏಳುತ್ತೆ. ಅರ್ಧ ತಟ್ಟಿದರೆ ಎದ್ದೂ ಇಲ್ಲ, ಮಲಗೂ ಇಲ್ಲ ಅನ್ನೋ ಹಾಗಿರುತ್ತೆ. ಹತ್ತಿರ ಹೋಗಿ ನೋಡಿದರೆ ಮಾತ್ರ ಒಂದೋ ಎದ್ದಿರುತ್ತೆ, ಇಲ್ಲಾ ಮಲಗಿರುತ್ತೆ' ಎಂದೆ. ಅವರು ಸ್ವಲ್ಪ ಯೋಚಿಸಿ, 'ನನ್ನ ಚಿಕ್ಕ ಮಗನೂ ಹಾಗೇ ಅಲ್ವೇನೇ' ಎಂದರು. ನನ್ನ ಗಂಡನ ವಿಷಯದಲ್ಲಿ ಇಷ್ಟು ನಿಖರವಾದ ಮಾತು ಇದುವರೆಗೆ ಯಾರೂ ಆಡಿರಲಿಲ್ಲ.

ಲ್ಯಾಬಿನ ವಿಷಯ. ನೀವು ಹೋದ ಮೇಲೆ ಹೊಸ ಕಂಟ್ರೋಲ್ ಪೆಟ್ಟಿಗೆ ಬಂತಲ್ಲ, ನಿಮ್ಮ ಹಳೆಯ ಸಂಖ್ಯೆಗಳು ಅದಕ್ಕೆ ಹಿಡಿಸಲಿಲ್ಲ. ಏಳನ್ನೂ ಮೊದಲಿನಿಂದ ಪಳಗಿಸಿದೆ. ಆದರೂ ಬೆಳಗಾದರೆ ಒಂದೇ ಹಾಡು. ಪ್ರೊಫೆಸರ್ 'ದೊಡ್ಡವರಿದ್ದಾಗ...' ಎಂದು ಶುರುಮಾಡುತ್ತಾರೆ. ಚಿಪ್ಪನ್ನು ತಣ್ಣಗಿಡುವ ಫ್ರಿಜ್ ನೋಡಿಕೊಳ್ಳುವ ಮೆಕ್ಯಾನಿಕ್ ಪಂಪಿನ ಮೇಲೆ ಕಿವಿಯಿಟ್ಟು, 'ದೊಡ್ಡವರಿದ್ದಾಗ ಈ ಶಬ್ದ ಬರ್ತಿರಲಿಲ್ಲ ನೋಡಿ' ಎನ್ನುತ್ತಾನೆ. ಆ ಪಂಪು ಕೂಡ ನಿಮ್ಮ ಪಕ್ಷ ಅಕ್ಕ. ಒಂದೊಂದು ದಿನ ನಿಮ್ಮ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ಸ್ಟೂಲ್ ಎಳೆದುಕೊಂಡು ಕೆಲಸ ಮಾಡುತ್ತೇನೆ.

ಮೇ ಹದಿನಾಲ್ಕಕ್ಕೆ ಪರಿಶೀಲನೆಯವರು ಬರುತ್ತಾರೆ. ನಾಲ್ಕು ಮತ್ತು ಐದನ್ನು ಜೋಡಿಯಾಗಿ ಕುಣಿಸಿ ತೋರಿಸಬೇಕಂತೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಬಂದರೆ ಯೋಜನೆ ಉಳಿಯುತ್ತದೆ, ಚಿಪ್ ನೋಡಿಕೊಳ್ಳುವ ಹುದ್ದೆ ಕಾಯಂ ಆಗುತ್ತದೆ. ಒಂದೇ ಹುದ್ದೆ.

ಜುಲೈಗೆ ನೀವು ಬರುತ್ತೀರಾ?

ಚಿನಕುರಳಿ

ಮಾರ್ಚ್ 3

ಚಿನಕುರಳಿ,

ನಿನ್ನೆ ಅತ್ತೆಯ ಜೊತೆ ಮಾತಾಡಿದೆ. ಪ್ರೊಫೆಸರ್ ಮನೆಗೆ ಬಂದಿದ್ದರಂತೆ, ಊಟ ಮಾಡಿ ಹೋದರಂತೆ, ನಿನ್ನನ್ನು ಹೊಗಳಿ ಅಟ್ಟಕ್ಕೇರಿಸಿದರಂತೆ. ನಾನಿದ್ದ ಆರು ವರ್ಷದಲ್ಲಿ ಅವರು ಆ ಮನೆಯ ಹೊಸ್ತಿಲು ತುಳಿದವರಲ್ಲ.

ಅತ್ತೆ ಇನ್ನೊಂದು ಮಾತನ್ನೂ ಹೇಳಿದರು. 'ತೊಂಬತ್ತೊಂಬತ್ತು ತೋರಿಸಿದರೆ ಹುದ್ದೆ ಚಿಕ್ಕವಳಿಗೇ ಅಂತೆ, ದೊಡ್ಡವಳಿಗೆ ಬರಬೇಡಿ ಅಂತ ಅವರೇ ತಿಳಿಸ್ತಾರಂತೆ. ಆಗಲಿಲ್ಲ ಅಂದರೆ ನಿನ್ನನ್ನೇ ಕರೆಸ್ತಾರಂತೆ' ಎಂದರು. ಪಾಪ, ಅವರಿಗೆ ಎರಡೂ ಒಳ್ಳೆಯ ಸುದ್ದಿಯೇ. ನಿನ್ನ ಪತ್ರವನ್ನು ತೆಗೆದು ಮತ್ತೆ ಓದಿದೆ. ಒಂದೇ ಹುದ್ದೆ ಎಂಬಲ್ಲಿಗೆ ನಿಲ್ಲಿಸಿದ್ದೀಯ. ಅಲ್ಲಿಂದ ಮುಂದೆ ಬರೆಯಲು ಶಾಯಿ ಮುಗಿದಿತ್ತೇ?

ನಾನು ಬರುತ್ತೇನೋ ಇಲ್ಲವೋ ನಿನ್ನ ಭಾವನ ಜೊತೆ ಮಾತಾಡಿ ಹೇಳುತ್ತೇನೆ. ಅವರ ಕೆಲಸ ಇಲ್ಲಿ ಇನ್ನೊಂದು ವರ್ಷವಿದೆ. ಅಂದಹಾಗೆ ನಾಲ್ಕು–ಐದರ ಜೋಡಿಯಲ್ಲಿ ನಾನು ಕಂಡ ಅತಿ ಹೆಚ್ಚು ತೊಂಬತ್ತೆಂಟು. ನಿನ್ನದೆಷ್ಟು ಬಂದಿದೆ?

ಅಕ್ಕ

ಮಾರ್ಚ್ 19

ಅಕ್ಕ,

ಮರೆತೆ ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಬರೆಯಲು ಕೂತಿದ್ದೆ, ಆಗಲಿಲ್ಲ. ನಿಮ್ಮ ಕುರ್ಚಿ ನನಗೆ ಕೊಡುತ್ತಾರಂತೆ ಎಂದು ನಿಮಗೇ ಹೇಗೆ ಬರೆಯಲಿ? ನೀವೇ ಅಲ್ಲವೇ ನನ್ನನ್ನು ಈ ಲ್ಯಾಬಿಗೆ ಕರೆತಂದದ್ದು.

ಆದರೆ ಬೇಡ ಎನ್ನುವಷ್ಟು ದೊಡ್ಡ ಮನಸ್ಸೂ ನನಗಿಲ್ಲ. ಬೇಕು ಅಕ್ಕ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಿಮ್ಮ ನಂತರದವಳಾಗಿ ಬದುಕಿದ್ದೇನೆ. ನೀವು ಬಿಟ್ಟ ಕೋಣೆ, ನೀವು ಬಿಟ್ಟ ಕಪಾಟು, ನೀವು ಬಿಟ್ಟ ಬಸ್ ಪಾಸಿನ ಕವರ್. ಒಂದಾದರೂ ನನ್ನದು ಎಂದು ಇರಬೇಡವೇ?

ನನ್ನದು ತೊಂಬತ್ತೈದು. ನಾಲ್ಕು ಹೇಳಿದ ಮಾತು ಕೇಳುತ್ತದೆ, ಹಠಮಾರಿ ಕೈಕೊಡುತ್ತದೆ. ಒಂದೊಂದನ್ನೇ ತಟ್ಟಿದರೆ ಎರಡೂ ಸರಿ. ಐದನ್ನು ತಟ್ಟಿದ ಬೆನ್ನಿಗೇ, ಇನ್ನೊಂದು ತಂತಿಯಿಂದ ನಾಲ್ಕನ್ನು ಅದರ ಹತ್ತಿರಕ್ಕೆ ತಳ್ಳಿ ಕೈ ಜೋಡಿಸಿದರೆ ಎಲ್ಲ ಕಲಸುಮೇಲೋಗರ. ನಿಮಗೆ ತೊಂಬತ್ತೆಂಟು ಹೇಗೆ ಬಂತು? ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ಗುಟ್ಟೇನಾದರೂ ಇದ್ದರೆ ಹೇಳಿಕೊಡಿ.

ಚಿನಕುರಳಿ

ಏಪ್ರಿಲ್ 6

ಅಕ್ಕ, ನನ್ನ ಹಿಂದಿನ ಪತ್ರ ತಲುಪಿತೇ? ಮೊನ್ನೆ ಫೋನ್ ಮಾಡಿದಾಗ ಅತ್ತೆಯ ಕೈಯಿಂದ ಕಸಿದುಕೊಂಡು ಹಲೋ ಎನ್ನುವಷ್ಟರಲ್ಲಿ ನೀವು ಇಟ್ಟುಬಿಟ್ಟಿರಿ.

ಚಿನಕುರಳಿ

ಮೇ 6

ಚಿನಕುರಳಿ,

ಪರೀಕ್ಷೆಯ ಕಾಲ. ಉತ್ತರ ಪತ್ರಿಕೆಗಳ ರಾಶಿಯಲ್ಲಿ ನಿನ್ನ ಪತ್ರ ಸಿಕ್ಕಿಹಾಕಿಕೊಂಡಿತ್ತು, ತಡವಾಯಿತು.

ಐದರ ತಟ್ಟನ್ನು ಎರಡು ನ್ಯಾನೋ ಸೆಕೆಂಡ್ ಮುಂದಿಡು. ಅಷ್ಟೇ. ಬೇರೇನೂ ಮಾಡಬೇಕಾಗಿಲ್ಲ.

ಹದಿನಾಲ್ಕಕ್ಕೆ ಒಳ್ಳೆಯದಾಗಲಿ.

ಅಕ್ಕ

ಮೇ 15

ನಿಮಗೆ ಏನೆಂದು ಸಂಬೋಧಿಸಿ ಬರೆಯಬೇಕೋ ತಿಳಿಯದೆ ಹಾಗೇ ಶುರುಮಾಡುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಲ್ಯಾಬಿಗೆ ಹೊರಟಾಗ ಅಂಚೆಯವನು ಗೇಟಿನಲ್ಲೇ ನಿಮ್ಮ ಪತ್ರ ಕೊಟ್ಟ. ಬಸ್ಸಿನಲ್ಲಿ ನಿಂತುಕೊಂಡೇ ಓದಿದೆ. ಈಗ ನಿಮಗೆ ತಿಳಿಸದ ಒಂದು ಸಂಗತಿ ಹೇಳುತ್ತೇನೆ. ನೀವು ಉತ್ತರ ಬರೆಯದೆ ಕೂತಿದ್ದ ದಿನಗಳಲ್ಲಿ ನಾನೇ ಐದರ ತಟ್ಟನ್ನು ಇಷ್ಟಿಷ್ಟೇ ಸರಿಸಿ ಸರಿಸಿ ಒಂದು ಜಾಗ ಹುಡುಕಿಕೊಂಡಿದ್ದೆ. ಅಲ್ಲಿ ತೊಂಬತ್ತೊಂಬತ್ತು ದಾಟಿತ್ತು. ಆ ಜಾಗವೇ ಯಾಕೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಪ್ರೊಫೆಸರಿಗೂ ಹೇಳಿರಲಿಲ್ಲ. ಎಲ್ಲರೂ ಬಂದು ನಿಂತಾಗ ತೋರಿಸಬೇಕು, ಆಮೇಲೆ ಒಬ್ಬರಾದರೂ 'ದೊಡ್ಡವರಿದ್ದಾಗ' ಎನ್ನಲಿ ನೋಡೋಣ ಎಂದು ಕಾದಿದ್ದೆ.

ಹಾಗಿದ್ದೂ ಬಸ್ಸಿನಿಂದ ಇಳಿದು ಲ್ಯಾಬು ಸೇರುವಷ್ಟರಲ್ಲಿ ಬುದ್ಧಿ ಕೆಟ್ಟಿತು. ನನ್ನದು ಕುರುಡು ಕೈಗೆ ಸಿಕ್ಕಿದ್ದು, ನಿಮ್ಮದು ಆರು ವರ್ಷದ್ದು. ನನ್ನದಕ್ಕೇ ತೊಂಬತ್ತೊಂಬತ್ತು ಬಂದರೆ ನಿಮ್ಮದಕ್ಕೆ ಇನ್ನೆಷ್ಟು ಬರಬಹುದು ಎನ್ನಿಸಿತು. ಪೂರ್ತಿ ಅಳೆದು ನೋಡಲು ಮೂರು ಗಂಟೆ ಬೇಕು, ಅವರ ಕಾರು ಆಗಲೇ ಗೇಟಿನೊಳಗೆ ಬಂದಿತ್ತು. ನನ್ನದನ್ನು ಅಳಿಸಿ, ಪರದೆಯ ಮೇಲೆ ತಟ್ಟನ್ನು ನೀವು ಹೇಳಿದಂತೆ ಎರಡು ನ್ಯಾನೋ ಸೆಕೆಂಡ್ ಬಲಕ್ಕೆ, ನಾನು ಅಳೆದೇ ನೋಡಿರದ ಕಡೆಗೆ, ಸರಿಸಿದೆ.

ತೊಂಬತ್ತೊಂದು.

ಪರಿಶೀಲನೆಗೆ ಬಂದಿದ್ದ ಒಬ್ಬ ಹೆಂಗಸು ಕನ್ನಡಕ ಹಣೆಗೆ ಏರಿಸಿ, 'ಹೋದ ವರ್ಷ ಇದಕ್ಕಿಂತ ಚೆನ್ನಾಗಿತ್ತಲ್ಲ?' ಎಂದು ಕೇಳಿದರು. ಪ್ರೊಫೆಸರ್ ನನ್ನ ಕಡೆ ತಿರುಗಿದರು.

'ಯಾರ ಸಂಖ್ಯೆ ಇದು?'

'ಅಕ್ಕಂದು ಸಾರ್. ಅವರೇ ಬರೆದು ಕಳಿಸಿದ್ದು.'

'ಅವರದಾಗಿದ್ದರೆ ಹೀಗೆ ಬರ್ತಿರಲಿಲ್ಲ.'

ಎಲ್ಲರ ಮುಂದೆ ಹಾಗೆಂದರು. ನಾನು ಹುಡುಕಿದ್ದ ಜಾಗಕ್ಕೆ ಸರಿಸಿ ಮತ್ತೊಮ್ಮೆ ಅಳೆಯುತ್ತೇನೆ ಎಂದೆ. 'ಇವತ್ತಿಗೆ ಸಾಕು' ಎಂದು ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು. ಸುಳ್ಳಿಯೂ ಆದೆ, ದಡ್ಡಿಯೂ ಆದೆ. ಮೆಕ್ಯಾನಿಕ್ ನನಗೆ ನೀರು ತಂದುಕೊಟ್ಟ. ಯೋಜನೆಗೆ ಎರಡು ತಿಂಗಳು ಗಡುವು ಕೊಟ್ಟಿದ್ದಾರೆ, ಅನುಭವಸ್ಥರನ್ನು ಕರೆಸಿ ಎಂದು ಬುದ್ಧಿವಾದ ಹೇಳಿ ಹೋಗಿದ್ದಾರೆ.

ನಿಮ್ಮದು ಎಂಥ ಲೆಕ್ಕಾಚಾರ! ಒಂದೂವರೆ ತಿಂಗಳು ಕಾಯಿಸಿದಿರಿ. ಪರೀಕ್ಷಿಸಿ ನೋಡಲು ಹೊತ್ತಿಲ್ಲದ ದಿನಕ್ಕೆ ಸರಿಯಾಗಿ ಒಂದು ಸಾಲು ಕಳಿಸಿದಿರಿ. ಒಳ್ಳೆಯದಾಗಲಿ ಎಂದು ಹಾರೈಸಿದಿರಿ ಬೇರೆ. ಕುರ್ಚಿ ನಿಮಗೇ ಬೇಕು ಎಂದು ಒಂದು ಮಾತು ಹೇಳಿದ್ದರೆ ಜಗಳವಾಡಿಯಾದರೂ ಮುಗಿಸುತ್ತಿದ್ದೆ.

ನಿಮ್ಮ ಮೈದುನನ ಹೆಂಡತಿ

ಮೇ 22

ಚಿನಕುರಳಿ,

ನಿನ್ನ ಪತ್ರ ಓದಿ ಮೈ ಉರಿಯಿತು. ಬಲಕ್ಕೆ ಸರಿಸಿದೆ ಎಂದು ನೀನೇ ಬರೆದಿದ್ದೀಯ. ಪರದೆಯಲ್ಲಿ ಬಲಕ್ಕೆ ಸರಿಸಿದರೆ ತಟ್ಟು ತಡವಾಗಿ ಹೋಗುತ್ತದೆ. ನಾನು ಹೇಳಿದ್ದು ಬೇಗ ಕಳಿಸು ಎಂದು. ಗಡಿಯಾರವನ್ನು ಹತ್ತು ನಿಮಿಷ ಮುಂದಿಡು ಎಂದರೆ ಏನು ಮಾಡುತ್ತೀಯ? ಸಾಲಿನಲ್ಲಿ ಮುಂದೆ ನಿಂತವಳು ಮೊದಲು ಹೋಗುತ್ತಾಳೋ ಕೊನೆಗೆ ಹೋಗುತ್ತಾಳೋ? ಕನ್ನಡ ಬರುತ್ತದೆ ಎಂದುಕೊಂಡು ಕನ್ನಡದಲ್ಲಿ ಬರೆದೆ, ಅದೇ ನನ್ನ ತಪ್ಪು.

ತಪ್ಪು ಓದಿದ್ದು ನೀನು, ಅಳೆಯದೆ ಹಾಕಿದ್ದು ನೀನು, ಹೆಸರು ಕೆಟ್ಟಿದ್ದು ನನ್ನದು. ಆದರೂ ಲೆಕ್ಕಾಚಾರದವಳು ನಾನು!

ಪ್ರೊಫೆಸರ್ ಪತ್ರ ಬಂದಿದೆ. 'ಐದನೆಯದು ನಿಮ್ಮ ಮಾತು ಮಾತ್ರ ಕೇಳುತ್ತದೆ, ದಯವಿಟ್ಟು ಬನ್ನಿ' ಎಂದು ಬರೆದಿದ್ದಾರೆ. ಬರುತ್ತೇನೆ ಎಂದು ತಿಳಿಸಿದ್ದೇನೆ. ನಿನ್ನ ಭಾವ ಒಂದು ವರ್ಷ ಒಬ್ಬರೇ ಇರಲು ಒಪ್ಪಿದ್ದಾರೆ.

ಅಕ್ಕ

ಮೇ 29

ಅಕ್ಕ,

ಸಭೆಯನ್ನು ಮುಂದೆ ಹಾಕಿದರು ಎಂದರೆ ಬೇಗ ನಡೆಸಿದರು ಎಂದೇ? ಪರೀಕ್ಷೆ ಒಂದು ವಾರ ಮುಂದೆ ಹೋಯಿತು ಎಂದರೆ ನಿಮ್ಮ ಕಾಲೇಜಿನ ಮಕ್ಕಳು ಅಳುತ್ತಾರೋ ಕುಣಿಯುತ್ತಾರೋ ಕೇಳಿ ನೋಡಿ. ನಾನೂ ಕನ್ನಡದಲ್ಲೇ ಓದಿದ್ದು.

ನೀವು ಬರುವವರೆಗೆ ಐದನ್ನು ಮುಟ್ಟಬೇಡ ಎಂದಿದ್ದಾರೆ ಪ್ರೊಫೆಸರ್, ನನ್ನ ಜಾಗದ ಮಾತು ಕೇಳುವವರಿಲ್ಲ. ನಿಮ್ಮ ಕುರ್ಚಿ ಒರೆಸಿಟ್ಟಿದ್ದೇನೆ. ನಾನು ಸ್ಟೂಲಿನಲ್ಲಿದ್ದೇನೆ.

ಜೂನ್ 5

ಚಿನಕುರಳಿ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಇದು ನಾಲ್ಕನೆಯದು. ಹೇಗಿದ್ದರೂ ಇದನ್ನೇ ಕಳಿಸುತ್ತೇನೆ.

ಬಂದ ಕೂಡಲೇ ಕೆಲಸ ಹಿಡಿಯಲು ಅನುಕೂಲವಾಗಲಿ ಎಂದು ಪ್ರೊಫೆಸರ್ ಈ ವರ್ಷದ ಅಳತೆಗಳನ್ನೆಲ್ಲ ಕಳಿಸಿದ್ದರು. ನಿನ್ನ ಗ್ರಾಫುಗಳನ್ನು ಒಂದೊಂದಾಗಿ ತೆರೆದೆ. ಕಲಿಯುವ ಆಸೆಯಿಂದ ತೆರೆದೆ ಎಂದು ಹೇಳಲಾರೆ. ಎಲ್ಲಿ ಎಡವಿದ್ದೀಯ ಎಂದು ನೋಡಲು ತೆರೆದೆ. ಏಪ್ರಿಲ್ ಕೊನೆಯ ಒಂದು ಗ್ರಾಫ್ ಸಿಕ್ಕಿತು. ಐದರ ತಟ್ಟನ್ನು ಇದ್ದಲ್ಲಿಂದ ಬೇಗದ ಕಡೆಗೆ ಇಷ್ಟಿಷ್ಟೇ ಸರಿಸಿದ್ದೀಯ. ಗೆರೆ ಏರುತ್ತ ಹೋಗಿ ಒಂದು ಕಡೆ ತೊಂಬತ್ತೊಂಬತ್ತನ್ನು ದಾಟಿ ಮತ್ತೆ ಇಳಿಯುತ್ತದೆ. ದಾಟಿದ ಜಾಗ ಯಾವುದು ಗೊತ್ತೇ? ಎರಡು ನ್ಯಾನೋ ಸೆಕೆಂಡ್, ಬೇಗದ ಕಡೆ. ನಾನು ಬರೆದು ಕಳಿಸಿದ್ದೂ ಅದನ್ನೇ. ನಮ್ಮಿಬ್ಬರ ಸಂಖ್ಯೆ ಒಂದೇ ಆಗಿತ್ತು ಮಾರಾಯ್ತಿ. ನನ್ನದು ಹೆಚ್ಚಿನದಿರಬೇಕು ಎಂದು ನೀನು ನಿನ್ನದನ್ನು ಅಳಿಸಿ ಹಾಕಿದೆ.

ಅದು ಎರಡೇ ಯಾಕೆ ಎಂದು ನಿನಗೆ ತಿಳಿಯಲಿಲ್ಲ ಎಂದಿದ್ದೀಯ. ಹೇಳುತ್ತೇನೆ. ಐದಕ್ಕೆ ಹೋಗುವ ಕೇಬಲ್ ಒಮ್ಮೆ ತುದಿಯಲ್ಲಿ ಮುರಿದಿತ್ತು. ಅದೇ ಅಳತೆಯದು ಸಿಗದೆ ನಾನು ಒಂದು ಮೊಳ ಉದ್ದದ್ದನ್ನು ಹಾಕಿದೆ. ತಟ್ಟು ಆ ಒಂದು ಮೊಳ ಹೆಚ್ಚು ನಡೆದು ಹೋಗಬೇಕು, ಅಷ್ಟರಲ್ಲಿ ಇತ್ತ ನಾಲ್ಕನ್ನು ತಳ್ಳಿ ಆಗಿರುತ್ತದೆ. ಅದಕ್ಕೇ ಎರಡು ನ್ಯಾನೋ ಸೆಕೆಂಡ್ ಮೊದಲೇ ಹೊರಡಿಸಬೇಕು. ಕೇಬಲ್ ಹಾಕಿದವಳು ನಾನೇ ಆಗಿದ್ದೂ ಇದು ಹೊಳೆಯಲು ನನಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ನೀನು ಕೇಬಲಿನ ಕಥೆಯೇ ತಿಳಿಯದೆ ಒಂದು ತಿಂಗಳಲ್ಲಿ ಅದೇ ಜಾಗಕ್ಕೆ ಬಂದು ನಿಂತೆ. ಅಷ್ಟೇ ಅಲ್ಲ, ನನಗೆ ಎಂದೂ ಬಾರದ ತೊಂಬತ್ತೊಂಬತ್ತನ್ನು ತೆಗೆದೆ. ಆ ಗ್ರಾಫ್ ಮುಚ್ಚಿಟ್ಟು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನು ಮತ್ತೊಂದು ಸಲ ತೊಳೆದೆ.

ಕಾರಣವನ್ನೂ ಜೊತೆಗೆ ಬರೆದಿದ್ದರೆ ನೀನು ತಪ್ಪು ಓದುತ್ತಿರಲಿಲ್ಲ. ಬರೆಯಲಿಲ್ಲ. ಸಂಖ್ಯೆ ಬೇಕಾದರೆ ಹೋಗಲಿ, ಗುಟ್ಟು ನನ್ನ ಹತ್ತಿರ ಉಳಿಯಲಿ ಎಂದುಕೊಂಡೆ. ಉತ್ತರ ಪತ್ರಿಕೆಗಳ ರಾಶಿ ಎಂದದ್ದೂ ಸುಳ್ಳು. ನಿನ್ನ ಪತ್ರ ನನ್ನ ಕೈಚೀಲದಲ್ಲೇ ಇತ್ತು, ದಿನವೂ ನನ್ನ ಜೊತೆ ಕಾಲೇಜಿಗೆ ಬಂದು ಹೋಗುತ್ತಿತ್ತು. ಪ್ರೊಫೆಸರ್ ನಿನಗಾಗಿ ಮನೆಗೆ ಬಂದು ಊಟ ಮಾಡಿದ್ದು ನೆನಪಾದಾಗಲೆಲ್ಲ ನಾಳೆ ಬರೆದರಾಯಿತು ಎನ್ನಿಸುತ್ತಿತ್ತು. ಇನ್ನೂ ಕೆಟ್ಟದ್ದನ್ನು ಹೇಳುತ್ತೇನೆ. ತೊಂಬತ್ತೊಂದು ಎಂದು ನೀನು ಬರೆದದ್ದನ್ನು ಓದಿದಾಗ ಮೈ ಉರಿದದ್ದು ಆಮೇಲೆ. ಅದಕ್ಕೂ ಮೊದಲು ನನಗೆ ಬಂದದ್ದು ಸಂತೋಷ.

ಈ ಗ್ರಾಫನ್ನು ಪ್ರೊಫೆಸರ್ ತೆರೆದೇ ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ನಾನು ಬಾಯಿ ಮುಚ್ಚಿಕೊಂಡು ಬಂದು, ತಟ್ಟನ್ನು ಎರಡು ಹೆಜ್ಜೆ ಸರಿಸಿ, ತೊಂಬತ್ತೊಂಬತ್ತು ತೋರಿಸಿ, ಎಲ್ಲರಿಂದ 'ದೊಡ್ಡವರು ಬಂದರು ನೋಡಿ' ಎನ್ನಿಸಿಕೊಳ್ಳಬಹುದಿತ್ತು. ಬಹಳ ಆಸೆಯಾಯಿತು. ಆದರೆ ಆ ಹೊಗಳಿಕೆ ಕೇಳುತ್ತ ನಾನು ಕುರ್ಚಿಯಲ್ಲಿ, ನೀನು ಸ್ಟೂಲಿನಲ್ಲಿ, ನಿನ್ನ ಮುಖವನ್ನು ದಿನಾ ನೋಡಬೇಕಲ್ಲ.

ನಿನ್ನೆ ಪ್ರೊಫೆಸರಿಗೆ ಬರೆದೆ. ಸಂಖ್ಯೆ ನಿನ್ನದು, ನನ್ನ ಪತ್ರ ಬರುವ ಮೊದಲೇ ನೀನೇ ಅಳೆದು ಹಿಡಿದದ್ದು, ಕೆಟ್ಟದ್ದು ನನ್ನ ಒಂದು ಸಾಲಿನಿಂದ ಎಂದು. ಹುದ್ದೆ ನಿನಗೇ ಕೊಡಿ, ನಾನು ಬರುವುದಿಲ್ಲ ಎಂದೂ ಬರೆದಿದ್ದೇನೆ. ಥ್ಯಾಂಕ್ಸ್ ಗೀಂಕ್ಸ್ ಬರೆದು ಕಳಿಸಬೇಡ. ಸದ್ಯಕ್ಕೆ ಓದುವ ಮನಸ್ಸಿಲ್ಲ.

ಅಕ್ಕ

ಜೂನ್ 13

ಅಕ್ಕ,

ಥ್ಯಾಂಕ್ಸ್ ಬರೆಯುತ್ತಿಲ್ಲ. ಜಗಳಕ್ಕೆ ಬಂದಿದ್ದೇನೆ.

ನಿಮ್ಮ ಪತ್ರ ಕೈಗೆ ಬಂದ ದಿನವೇ ಪ್ರೊಫೆಸರ್ ಕರೆದು ನನ್ನ ಸಂಖ್ಯೆ ಹಾಕಿಸಿ ಅಳೆಸಿದರು. ತೊಂಬತ್ತೊಂಬತ್ತರ ಮೇಲೆ ಒಂದು ಚೂರು ಬಂತು. ಫಲಿತಾಂಶವನ್ನು ಪರಿಶೀಲನೆಯವರಿಗೆ ಕಳಿಸಿದ್ದಾರೆ, ಯೋಜನೆ ಉಳಿಯಿತು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ ಏನೆಂದರು ಗೊತ್ತೇ? 'ಎಂಥಾ ದೊಡ್ಡ ಮನಸ್ಸು ನೋಡು ದೊಡ್ಡವರದ್ದು!' ಮೆಕ್ಯಾನಿಕ್ ಕೂಡ, 'ಬಿಟ್ಟುಕೊಡೋಕೂ ಯೋಗ್ಯತೆ ಬೇಕು ಬಿಡಿ' ಎಂದ. ಮನೆಗೆ ಬಂದರೆ ಅತ್ತೆ ಬೀದಿಯವರಿಗೆಲ್ಲ ಹೇಳಿ ಮುಗಿಸಿದ್ದರು. 'ನಮ್ಮ ದೊಡ್ಡವಳು ತನ್ನ ಕೆಲಸಾನೇ ಚಿಕ್ಕವಳಿಗೆ ಬಿಟ್ಟುಕೊಟ್ಟಳು.' ಪಕ್ಕದ ಮನೆಯವರಿಗೆ ಕಣ್ಣಲ್ಲಿ ನೀರು ಬಂತಂತೆ.

ತೊಂಬತ್ತೊಂಬತ್ತು ತೆಗೆದವಳು ನಾನು. ಹೊಗಳಿಕೆ ಮಾತ್ರ ನಿಮಗೆ! ಇಷ್ಟು ದಿನ ನಿಮ್ಮ ಕೈಚಳಕದ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ, ಇನ್ನು ನಿಮ್ಮ ಒಳ್ಳೆಯತನದ ಮೇಲೂ ಪಡಬೇಕೇ? ಆ ಕುರ್ಚಿಯಲ್ಲಿ ಕೂತರೆ ಮೂವತ್ತು ವರ್ಷ ಆದ ಮೇಲೂ ಅದು ನೀವು ಕೊಟ್ಟದ್ದೇ ಆಗಿರುತ್ತದೆ. ಕೋಣೆ, ಕಪಾಟು, ಬಸ್ ಪಾಸಿನ ಕವರಿನ ಜೊತೆಗೆ ಇದೂ ಒಂದು. ನನಗೆ ಬೇಡ. ಪ್ರೊಫೆಸರಿಗೂ ಹಾಗೇ ಹೇಳಿ ಬಂದಿದ್ದೇನೆ.

ಕೇಳಿ ಇಲ್ಲಿ. ಮೊನ್ನೆ ಫ್ರಿಜ್ ಆರಿಸಿದರು. ಪಂಪು ಬಿಚ್ಚಿ ರಿಪೇರಿ ಮಾಡಿ, ತಿಂಗಳ ಕೊನೆಗೆ ಮತ್ತೆ ತಣ್ಣಗೆ ಮಾಡುತ್ತಾರೆ. ಒಮ್ಮೆ ಬೆಚ್ಚಗಾಗಿ ತಣಿದರೆ ಏಳಕ್ಕೂ ಹಳೆಯ ಚಾಳಿ ಮರೆತುಹೋಗಿ ಹೊಸ ಚಾಳಿ ಬಂದಿರುತ್ತದೆ ಎಂದು ನನಗೆ ಕಲಿಸಿದವರು ನೀವೇ. ಆ ಒಂದು ಮೊಳ ಹೆಚ್ಚಿನ ಕೇಬಲನ್ನೂ ನಾನೇ ಕಿತ್ತು, ಸರಿಯಾದ ಅಳತೆಯದನ್ನು ಹಾಕಿದೆ. ಇನ್ನು ನಿಮ್ಮ ಗುಟ್ಟೂ ನಡೆಯುವುದಿಲ್ಲ, ನನ್ನ ಗ್ರಾಫೂ ನಡೆಯುವುದಿಲ್ಲ.

ನೀವು ಬನ್ನಿ. ಒಂದು ದಿನ ಯಂತ್ರ ನಿಮಗೆ, ಒಂದು ದಿನ ನನಗೆ. ನಾಲ್ಕು–ಐದರ ಜೋಡಿಯನ್ನು ಯಾರು ಮೊದಲು ತೊಂಬತ್ತೊಂಬತ್ತು ದಾಟಿಸುತ್ತಾರೋ ಕುರ್ಚಿ ಅವರದ್ದು. ಪ್ರೊಫೆಸರಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕರು, ಬೇಡ ಎನ್ನಲಿಲ್ಲ. ಸೋತವರು ಏನು ಮಾಡಬೇಕು ಎಂದು ಕೇಳಿದರು. ಸೋತವರು ಮನೆಗೆ ಹೋಗಿ ಅತ್ತೆಗೆ ತಾವೇ ಹೇಳಬೇಕು ಎಂದೆ.

ಬಿಟ್ಟುಕೊಟ್ಟೆ ಎಂಬ ಮಾತನ್ನು ನೀವು ವಾಪಸ್ ತೆಗೆದುಕೊಳ್ಳುವವರೆಗೆ ನಾನು ಸ್ಟೂಲಿನಿಂದ ಏಳುವುದಿಲ್ಲ. ನಡು ನೋಯುತ್ತಿದೆ, ಬೇಗ ಬನ್ನಿ.

ಚಿನಕುರಳಿ

ಜೂನ್ 20

ಚಿನಕುರಳಿ,

ಬಿಟ್ಟುಕೊಟ್ಟ ಮೇಲೆ ಮನಸ್ಸು ಹಗುರವಾಗಿದೆ, ನಿದ್ದೆ ಚೆನ್ನಾಗಿ ಬರುತ್ತಿದೆ ಎಂದು ನಿನ್ನ ಭಾವನಿಗೆ, ಸ್ಟಾಫ್ ರೂಮಿಗೆ, ಕೇಳಿದವರಿಗೆ, ಕೇಳದವರಿಗೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಯಾರೂ ನಂಬಿದಂತೆ ಕಾಣಲಿಲ್ಲ. ನಿನ್ನ ಪತ್ರ ಓದುತ್ತಿರುವಾಗ ನಿನ್ನ ಭಾವ ನನ್ನ ಮುಖ ನೋಡಿ, 'ಪೆಟ್ಟಿಗೆ ಅಟ್ಟದ ಮೇಲಿಂದ ಇಳಿಸಲಾ?' ಎಂದರು. ಇಳಿಸಿ ಎಂದೆ.

ವಾಪಸ್ ತೆಗೆದುಕೊಂಡಿದ್ದೇನೆ. ಬಿಟ್ಟುಕೊಟ್ಟಿಲ್ಲ. ನೀನು ಗೆದ್ದರೆ ನನ್ನ ಹೊಟ್ಟೆ ಉರಿಯುತ್ತದೆ, ಈಗಲೇ ಹೇಳಿಬಿಡುತ್ತೇನೆ. ಎಲ್ಲರ ಮುಂದೆ ನಗುನಗುತ್ತ ನಿನ್ನ ಬೆನ್ನು ತಟ್ಟುವ ನಾಟಕ ನನ್ನಿಂದಾಗದು. ನಾನು ಗೆದ್ದರೆ ನೀನೂ ನಾಟಕ ಆಡಬೇಡ.

ಟಿಕೆಟ್ ತೆಗೆಸಿದ್ದೇನೆ. ಮೂವತ್ತರ ಬೆಳಿಗ್ಗೆ ಬಂದಿಳಿಯುತ್ತೇನೆ, ಮನೆಗೆ ಬರುವುದು ಸಂಜೆ, ಮೊದಲು ಲ್ಯಾಬಿಗೆ. ಫ್ರಿಜ್ ಅದಕ್ಕೆ ಮೊದಲೇ ತಣ್ಣಗಾದರೆ ಒಂದರಿಂದ ನಾಲ್ಕರವರೆಗೆ ಏನು ಬೇಕಾದರೂ ಮಾಡಿಕೋ, ಆರು, ಏಳನ್ನೂ ಮಾಡಿಕೋ. ನಾನು ಬರುವವರೆಗೆ ಐದನ್ನು ಮುಟ್ಟಿದರೆ ನೋಡು.

ಅಕ್ಕ